ಎರಡನೇ ವರ್ಷಕ್ಕೆ ನಿಲ್ಲುವ ಸ್ಕಾಲರ್‌ಶಿಪ್

“ಅಕ್ಕಾ, 88 ಪರ್ಸೆಂಟ್ ತಗೊಂಡೋನಿಗೂ ಸ್ಕಾಲರ್‌ಶಿಪ್ ಇಲ್ಲ ಅಂದ್ರೆ ಇನ್ಯಾರಿಗೆ ಕೊಡ್ತಾರಂತೆ?”

ಪಕ್ಕದ ಮನೆಯಾಕೆ ಬೇಲಿಯ ಆಚೆ ನಿಂತು ಕೇಳಿದಾಗ ಅವಳ ಕೈಯಲ್ಲಿ ಮಗನ ದ್ವಿತೀಯ ಪಿಯುಸಿ ಅಂಕಪಟ್ಟಿಯೇ ಇತ್ತು. ಹುಡುಗ ಸೈನ್ಸ್. ಎಂಬತ್ತರ ಮೇಲಿದ್ದರೆ ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕೇ ಸಿಗುತ್ತದೆ ಎಂದು ಸೈಬರ್ ಸೆಂಟರಿನಲ್ಲಿ ಹೇಳಿದ್ದರಂತೆ. ನಾನು ಪದವಿ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಕೊನೆಯ ವರ್ಷಗಳಲ್ಲಿ ಸ್ಕಾಲರ್‌ಶಿಪ್ ಅರ್ಜಿಗಳನ್ನು ಪರಿಶೀಲಿಸುವ ನೋಡಲ್ ಅಧಿಕಾರಿಯ ಕೆಲಸವೂ ನನ್ನ ಪಾಲಿಗಿತ್ತು. ಹಾಗಾಗಿ ನಮ್ಮ ಬೀದಿಯಲ್ಲಿ ಹುಟ್ಟುವ ಇಂಥ ಪ್ರಶ್ನೆಗಳೆಲ್ಲ ನಮ್ಮ ಬೇಲಿಗೇ ಬರುತ್ತವೆ. ಬರಲಿ. ಮಕ್ಕಳ ಓದಿಗಿಂತ ಒಳ್ಳೆಯ ಮಾತು ಬೇಲಿಯ ಹತ್ತಿರ ಇನ್ನೇನಿದೆ?

“ಎಂಬತ್ತು ಪರ್ಸೆಂಟ್ ಅಲ್ಲ ಕಣಮ್ಮ, ಎಂಬತ್ತನೇ ಪರ್ಸೆಂಟೈಲ್” ಅಂದೆ. ಅವಳ ಮುಖ ನೋಡಿ ಬಿಡಿಸಿ ಹೇಳಿದೆ. ಆ ವರ್ಷ ಬೋರ್ಡಿನಲ್ಲಿ ಸೈನ್ಸ್ ಪಾಸಾದವರನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಬೇಕು. ಮುಂದಿರುವ ನೂರಕ್ಕೆ ಇಪ್ಪತ್ತು ಮಂದಿಯೊಳಗೆ ನಿನ್ನ ಮಗ ಇರಬೇಕು. ಎಲ್ಲರೂ ಚೆನ್ನಾಗಿ ಬರೆದ ವರ್ಷ ಆ ಗೆರೆ ಮೇಲೇರುತ್ತದೆ, 88 ತೆಗೆದವನೂ ಗೆರೆಯ ಕೆಳಗೆ ಉಳಿಯುತ್ತಾನೆ. ಕಾಮರ್ಸ್‌ಗೆ ಬೇರೆ ಸಾಲು, ಆರ್ಟ್ಸ್‌ಗೆ ಬೇರೆ ಸಾಲು. ಅಲ್ಲಿ ಅವನಿಗಿಂತ ಕಡಿಮೆ ಅಂಕದ ಹುಡುಗಿ ತನ್ನ ಸಾಲಿನಲ್ಲಿ ಮುಂದಿದ್ದರೆ ಅವಳು ಅರ್ಹಳು. ಗೆರೆ ದಾಟಿದರೂ ಕೆಲಸ ಮುಗಿಯಲಿಲ್ಲ. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ಹೊಸದಾಗಿ ಕೊಡುವುದು 82,000 ಸ್ಕಾಲರ್‌ಶಿಪ್, ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೆ. ರಾಜ್ಯದಲ್ಲಿ 18ರಿಂದ 25 ವಯಸ್ಸಿನವರು ಎಷ್ಟಿದ್ದಾರೆ ಎಂಬುದನ್ನು ನೋಡಿ ರಾಜ್ಯದ ಪಾಲು ಹಂಚುತ್ತಾರೆ. ಆ ಪಾಲನ್ನು ಸೈನ್ಸ್, ಕಾಮರ್ಸ್, ಆರ್ಟ್ಸ್ ವಿಭಾಗಗಳಿಗೆ 3:2:1ರ ಲೆಕ್ಕದಲ್ಲಿ ಒಡೆಯುತ್ತಾರೆ. ಮನೆಯ ವರಮಾನ ವರ್ಷಕ್ಕೆ ನಾಲ್ಕೂವರೆ ಲಕ್ಷ ಮೀರಿರಬಾರದು. ರಾಜ್ಯದ ಶುಲ್ಕ ವಿನಾಯಿತಿಯನ್ನೋ ಬೇರೆ ಸ್ಕಾಲರ್‌ಶಿಪ್ಪನ್ನೋ ಪಡೆಯುತ್ತಿರುವವರಿಗೆ ಇದು ಸಿಗದು.

“ಅಂದ್ರೆ ಅವನ ತಪ್ಪೇನೂ ಇಲ್ಲ” ಅಂದಳು ಅವಳು, ತನಗೆ ತಾನೇ ಹೇಳಿಕೊಳ್ಳುವ ಹಾಗೆ.

“ಏನೂ ಇಲ್ಲ. ಅವನಿಗೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕ್ಸು. ನಿಮ್ಮ ಕೆಟಗರಿಗೆ, ವರಮಾನಕ್ಕೆ ಯಾವುದು ಬರುತ್ತೆ ನೋಡೋಣ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಇಟ್ಕೊಂಡಿರು.” ಅಷ್ಟು ಹೇಳಿ ನಾನು ಕೇಳಬೇಕಾದದ್ದನ್ನು ಕೇಳಿದೆ: “ಮಗಳದ್ದು ರಿನ್ಯೂವಲ್ ಆಯ್ತಾ?”

ಮಗಳು ಬಿಕಾಂ ಎರಡನೇ ವರ್ಷ. ಅವಳಿಗೆ ಹೋದ ವರ್ಷ ಇದೇ ಕೇಂದ್ರದ ಸ್ಕಾಲರ್‌ಶಿಪ್ ಸಿಕ್ಕಿತ್ತು. ಪಿಯುಸಿಯಲ್ಲಿ 95 ತೆಗೆದಿದ್ದ ಹುಡುಗಿ.

“ಇಲ್ಲಕ್ಕಾ, ಅದು ನಿಂತೋಯ್ತು. ಮಾರ್ಕ್ಸ್ ಇಳಿದುಬಿಡ್ತಲ್ಲ. ಫಸ್ಟ್ ಇಯರ್ ಬರೀ 54 ಬಂತು.”

“ನಿಂತೋಯ್ತು ಅಂತ ಯಾರು ಹೇಳಿದ್ದು?”

“ಯಾರೂ ಹೇಳ್ಲಿಲ್ಲ. ಅಷ್ಟು ಇಳಿದ ಮೇಲೆ ಕೊಡ್ತಾರಾ ಅಂತ ಅವಳೇ ಸುಮ್ಮನಾದ್ಲು.”

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಈ ಸ್ಕಾಲರ್‌ಶಿಪ್ ಎರಡನೇ ವರ್ಷಕ್ಕೆ ಮುಂದುವರಿಯಲು ಬೇಕಾದ್ದು ವಾರ್ಷಿಕ ಪರೀಕ್ಷೆಯಲ್ಲಿ 50 ಪರ್ಸೆಂಟ್ ಅಂಕ, 75 ಪರ್ಸೆಂಟ್ ಹಾಜರಿ, ರ‍್ಯಾಗಿಂಗಿನಂಥ ದೂರು ಇಲ್ಲದ ನಡತೆ. ಒಳಗೆ ಬರುವಾಗ ಇದ್ದ ಗೆರೆ ಬೇರೆ, ಒಳಗೆ ಉಳಿಯುವ ಗೆರೆ ಬೇರೆ. 95ರಿಂದ 54ಕ್ಕೆ ಇಳಿದ ಈ ಹುಡುಗಿ ಇವತ್ತಿಗೂ ಅರ್ಹಳೇ. ಅವಳ ಹಕ್ಕಿನ 12,000 ರೂಪಾಯಿಯನ್ನು ಯಾವ ಅಧಿಕಾರಿಯೂ ತಡೆದಿರಲಿಲ್ಲ, ಅವಳ ನಾಚಿಕೆ ತಡೆದಿತ್ತು.

“ಇವತ್ತೇ ಸಂಜೆ ಅವಳನ್ನು ಕಳಿಸು, ಮಾರ್ಕ್ಸ್ ಕಾರ್ಡ್ ತರಲಿ” ಅಂದೆ.

ಅಷ್ಟು ಹೊತ್ತಿಗೆ ಎದುರುಮನೆ ಮೇಷ್ಟ್ರು ಹಾಲಿನ ಕ್ಯಾನು ಹಿಡಿದು ಬಂದವರು ನಮ್ಮ ಮಾತಿಗೆ ನಿಂತರು. ಹೈಸ್ಕೂಲಿನಲ್ಲಿ ಗಣಿತ ಹೇಳಿದವರು, ನೇರ ಮನುಷ್ಯ. ಸರ್ಕಾರದ ದುಡ್ಡನ್ನು ಓದುವವರಿಗೆ ಮಾತ್ರ ಕೊಡಬೇಕು ಎನ್ನುವುದು ಅವರ ಗಟ್ಟಿ ನಂಬಿಕೆ.

“ಮೇಡಂ, 95 ತೆಗೆದ ಹುಡುಗಿ 54ಕ್ಕೆ ಇಳಿದಳು ಅಂದ್ರೆ ಓದು ಬಿಟ್ಟಳು ಅಂತಲೇ ಅಲ್ವೇ? 50 ಅನ್ನೋದೇ ಕಡಿಮೆಯಾಯ್ತು. 60 ಮಾಡ್ಬೇಕಿತ್ತು.”

ಪಕ್ಕದ ಮನೆಯಾಕೆ ತಲೆ ತಗ್ಗಿಸಿದಳು. ನಾನು ಮೇಷ್ಟ್ರಿಗೆ ಉತ್ತರ ಕೊಡಲೇಬೇಕಾಯಿತು, ಯಾಕೆಂದರೆ ಅವರ ಹಾಗೆ ಯೋಚಿಸುವವರು ಊರ ತುಂಬ ಇದ್ದಾರೆ, ಕಾಲೇಜುಗಳ ಒಳಗೂ ಇದ್ದಾರೆ.

ಮೊದಲ ವರ್ಷ ಅಂಕ ಯಾಕೆ ಇಳಿಯುತ್ತದೆ ಎಂದು ತರಗತಿಯಲ್ಲಿ ನಿಂತು ನೋಡಿದವಳು ನಾನು. ಈ ಹುಡುಗಿ ಹತ್ತನೆಯವರೆಗೆ ಕನ್ನಡ ಮಾಧ್ಯಮ. ಪಿಯುಸಿಯಲ್ಲೂ ಪರೀಕ್ಷೆ ಬರೆದದ್ದು ಕನ್ನಡದಲ್ಲೇ. ಬಿಕಾಂಗೆ ಬಂದ ಕೂಡಲೇ ಅಕೌಂಟೆನ್ಸಿ, ಬಿಸಿನೆಸ್ ಲಾ, ಎಕನಾಮಿಕ್ಸ್ ಎಲ್ಲವೂ ಇಂಗ್ಲಿಷಿನಲ್ಲಿ. ವಿಷಯ ಗೊತ್ತಿದೆ, ಬರೆಯಲು ಮಾತು ಬರುವುದಿಲ್ಲ. ಹಿಂದಿನ ಬೆಂಚಿಗೆ ಸರಿಯುತ್ತಾಳೆ, ಪ್ರಶ್ನೆ ಕೇಳುವುದನ್ನು ಬಿಡುತ್ತಾಳೆ. ಎರಡು ಸೆಮಿಸ್ಟರ್ ಕಳೆಯುವ ಹೊತ್ತಿಗೆ ಪಾರಿಭಾಷಿಕ ಪದಗಳು ಬಾಯಿಗೆ ಬರುತ್ತವೆ, ಮೂರನೆಯದರಲ್ಲಿ ಅಂಕ ಏರುತ್ತದೆ. ಇದನ್ನು ನಾನು ಒಬ್ಬರಲ್ಲಿ ಇಬ್ಬರಲ್ಲಿ ನೋಡಿದ್ದಲ್ಲ, ಬ್ಯಾಚಿನ ಮೇಲೆ ಬ್ಯಾಚು ಹೀಗೇ. ನಮ್ಮ ಕಡೆ ಅಡಿಕೆ ಸಸಿ ನೆಟ್ಟ ಮೊದಲ ಬೇಸಿಗೆಗೆ ಸೋಗೆ ಕಟ್ಟಿ ನೆರಳು ಮಾಡುತ್ತೇವಲ್ಲ, ಸಸಿ ಬಾಡಿತೆಂದು ನೆರಳನ್ನೇ ಕಿತ್ತು ಹಾಕುತ್ತೇವೆಯೇ?

ಇನ್ನು ಹಾಜರಿ. ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಎನ್ನುತ್ತಾರೆ. ಅದು ಸರ್ಕಾರಿ ಬಸ್ಸಿಗೆ. ಮಲೆನಾಡಿನ ನಮ್ಮ ರೂಟುಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು, ಟಿಕೆಟ್ ಕೊಳ್ಳಲೇಬೇಕು. ಗಂಡುಮಕ್ಕಳಿಗಂತೂ ಯಾವ ಬಸ್ಸಾದರೂ ದುಡ್ಡೇ. ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುವ ಮಕ್ಕಳಿದ್ದಾರೆ, ಮದುವೆ ಸೀಸನ್ನಿನಲ್ಲಿ ರಾತ್ರಿಯಿಡೀ ಬಡಿಸುವ ಕೆಲಸಕ್ಕೆ ಹೋಗಿ ಬೆಳಗ್ಗೆ ತರಗತಿಯಲ್ಲಿ ಕಣ್ಣು ಮುಚ್ಚುವವರಿದ್ದಾರೆ. ಫೀಸಿಗಾಗಿ ದುಡಿಯಲು ಹೋದದ್ದರಿಂದಲೇ ಹಾಜರಿ 75ಕ್ಕಿಂತ ಕೆಳಗೆ ಇಳಿಯುತ್ತದೆ. ಹಾಜರಿ ಇಳಿದದ್ದರಿಂದ ಸ್ಕಾಲರ್‌ಶಿಪ್ ಹೋಗುತ್ತದೆ. ಸ್ಕಾಲರ್‌ಶಿಪ್ ಹೋದದ್ದರಿಂದ ಇನ್ನೂ ಹೆಚ್ಚು ದುಡಿಯಬೇಕಾಗುತ್ತದೆ. ಈ ಸುತ್ತಿನೊಳಗೆ ಬಿದ್ದ ಒಬ್ಬ ಹುಡುಗ ನನಗೆ ಇವತ್ತಿಗೂ ನೆನಪಾಗುತ್ತಾನೆ. ಅಪ್ಪನಿಗೆ ಪಾರ್ಶ್ವವಾಯು. ಅವನು ಬೇಕರಿಯೊಂದರಲ್ಲಿ ಬೆಳಗಿನ ಜಾವ ಕೆಲಸ ಮಾಡಿ ಕಾಲೇಜಿಗೆ ಬರುತ್ತಿದ್ದ. ಮೊದಲ ವರ್ಷ ಅವನಿಗೆ 48 ಬಂತು. ಎರಡು ಪರ್ಸೆಂಟಿಗೆ ರಿನ್ಯೂವಲ್ ಹೋಯಿತು. ಅರ್ಜಿಯನ್ನು ಮುಂದಕ್ಕೆ ಕಳಿಸುವ ಅಧಿಕಾರ ನನಗೆ ಇರಲಿಲ್ಲ, ಆ ಕಾಲೇಜಿನಲ್ಲಿ ಯಾರಿಗೂ ಇರಲಿಲ್ಲ. ಅಪ್ಪನ ಕಾಯಿಲೆಯ ಕಾಗದಗಳನ್ನು ತಂದು ಮೇಜಿನ ಮೇಲಿಟ್ಟು, “ಇದನ್ನು ಎಲ್ಲಿಗೆ ಕಳಿಸಬೇಕು ಮೇಡಂ?” ಎಂದು ಕೇಳಿದ್ದ. ಕಳಿಸಲು ಜಾಗವೇ ಇರಲಿಲ್ಲ.

“ಹಾಗಾದ್ರೆ ಅಂಕ ನೋಡಲೇಬಾರದು ಅಂತೀರಾ?” ಮೇಷ್ಟ್ರು ಕೇಳಿದರು.

ಹಾಗಲ್ಲ. ಕಂಡವರ ತೆರಿಗೆಯ ದುಡ್ಡು, ತರಗತಿಗೇ ಬಾರದವರಿಗೆ ಹೋಗಬಾರದು. ಅಂಕದ ಷರತ್ತು ಇರಬೇಕು. 50 ಅನ್ನುವುದು ಅನ್ಯಾಯದ ಗೆರೆ ಅಲ್ಲ. ನನ್ನ ತಕರಾರು ಒಂದೇ: ಮೊದಲ ಸಲ ಎಡವಿದ ಮಗುವಿಗೆ ಎಚ್ಚರಿಕೆಯೂ ಇಲ್ಲ, ಕಾರಣ ಹೇಳಿಕೊಳ್ಳುವ ದಾರಿಯೂ ಇಲ್ಲ. ಇದು ಯಾರೂ ಕಾಣದ ಹೊಸ ಬೇಡಿಕೆಯಲ್ಲ, ನಮ್ಮದೇ ಸರ್ಕಾರದ ನಿಯಮದೊಳಗೆ ಇದ್ದದ್ದು. ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಹಿಂದಿನ ಮಾರ್ಗಸೂಚಿ ಓದಿದವರಿಗೆ ಗೊತ್ತು. ವೈದ್ಯಕೀಯ, ಎಂಜಿನಿಯರಿಂಗ್‌ನಂಥ ಮೊದಲ ಗುಂಪಿನ ಕೋರ್ಸಿನಲ್ಲಿ ಮೊದಲ ಸಲ ಫೇಲಾದರೆ ವೇತನ ಮುಂದುವರಿಸಬಹುದು ಎಂದಿತ್ತು. ಎರಡನೇ ಸಲ ಫೇಲಾದರೆ, ಮುಂದಿನ ತರಗತಿಗೆ ಹೋಗುವವರೆಗೆ ಖರ್ಚು ಅವರದ್ದೇ. ಕಾಯಿಲೆಯಿಂದ ಪರೀಕ್ಷೆಗೆ ಕೂರಲಾಗದಿದ್ದರೆ ವೈದ್ಯರ ಸರ್ಟಿಫಿಕೇಟು ಕೊಟ್ಟು, ‘ಕೂತಿದ್ದರೆ ಪಾಸಾಗುತ್ತಿದ್ದ’ ಎಂದು ಪ್ರಿನ್ಸಿಪಾಲರು ದೃಢೀಕರಿಸಿದರೆ ಸಾಕಿತ್ತು. ಆ ನಿಯಮ ಬರೆದವರು ಬಡವರ ಮನೆಯ ಒಳಗನ್ನು ಕಂಡವರೇ ಇರಬೇಕು.

ಶಿಕ್ಷಣ ಸಾಲದ ಬಡ್ಡಿಗೆ ಕೇಂದ್ರ ಕೊಡುವ ಸಬ್ಸಿಡಿಯಲ್ಲೂ ಇಂಥ ವಿವೇಕ ಸ್ವಲ್ಪ ಇದೆ. ನಡುವೆ ಓದು ಬಿಟ್ಟರೆ, ಅಥವಾ ಓದಿನ ಕಾರಣಕ್ಕೋ ಶಿಸ್ತಿನ ಕಾರಣಕ್ಕೋ ಕಾಲೇಜು ಹೊರಗೆ ಹಾಕಿದರೆ ಬಡ್ಡಿಯ ನೆರವು ಇಲ್ಲ. ಕಾಯಿಲೆಯಿಂದ ಬಿಟ್ಟವರಿಗೆ ಮಾತ್ರ ವಿನಾಯಿತಿ. ಎಐಸಿಟಿಇ ಹೆಣ್ಣುಮಕ್ಕಳಿಗೆ ಕೊಡುವ ಪ್ರಗತಿ ಸ್ಕಾಲರ್‌ಶಿಪ್ಪಿನಲ್ಲಿ ವರ್ಷಕ್ಕೆ 50,000 ರೂಪಾಯಿ. ಅದು ಮುಂದುವರಿಯಲು ಪರ್ಸೆಂಟಿನ ಹಂಗಿಲ್ಲ, ಮುಂದಿನ ವರ್ಷಕ್ಕೆ ಪ್ರಮೋಟ್ ಆಗಬೇಕು, ಅಷ್ಟೆ. ಕಾರ್ಮಿಕ ಕಲ್ಯಾಣ ಮಂಡಳಿಯ ಸಹಾಯಧನಕ್ಕೆ ಸಾಮಾನ್ಯ ವರ್ಗದವರು 50, ಪರಿಶಿಷ್ಟರು 45 ಪರ್ಸೆಂಟ್ ತೆಗೆದಿರಬೇಕು. ಇನ್ನೊಂದು ಕಡೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್. ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಪಾಸು ಮಾಡಿ ಪದವಿಗೋ ಡಿಪ್ಲೊಮಾಗೋ ಸೇರಿದ ಹುಡುಗಿಯರಿಗೆ ವರ್ಷಕ್ಕೆ 30,000. ಸೇರುವಾಗ ರ‍್ಯಾಂಕನ್ನೂ ಕೇಳುವುದಿಲ್ಲ, ಪರ್ಸೆಂಟೈಲನ್ನೂ ಕೇಳುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಪಾಸಾಗಿ ಮುಂದಕ್ಕೆ ಹೋಗುವುದೇ ಆ ಹುಡುಗಿಯ ಮೆರಿಟ್ ಎಂದು ಒಪ್ಪಿಕೊಂಡ ಹಾಗಿದೆ. ನನಗೆ ಇದು ತುಂಬ ಸರಿ ಅನ್ನಿಸುತ್ತದೆ.

ಅಂಕಕ್ಕೆ ಬಹುಮಾನ ಕೊಡುವುದು ತಪ್ಪೆಂದು ನಾನು ಹೇಳುವವಳಲ್ಲ. ನಮ್ಮ ರಾಜ್ಯದ ಸಮಾಜ ಕಲ್ಯಾಣ ಇಲಾಖೆ, ಮೊದಲ ಪ್ರಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ಮಕ್ಕಳಿಗೆ ಪ್ರೈಜ್ ಮನಿ ಕೊಡುತ್ತದಲ್ಲ, ಅದನ್ನು ಪಡೆದ ಮಕ್ಕಳ ಮುಖ ನಾನು ನೋಡಿದ್ದೇನೆ. ಬಹುಮಾನ ಓದಿ ಮುಗಿಸಿದ ಮೇಲೆ ಬರುವುದು. ಓದುತ್ತಿರುವಾಗ ಬೇಕಾದ್ದು ಊಟ, ಬಸ್ಸು, ರೂಮಿನ ಬಾಡಿಗೆ. ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಕೊಡುವ ವ್ಯವಸ್ಥೆ 2013-14ರಲ್ಲಿ ಶುರುವಾದಾಗ ಅದರ ಹಿಂದೆ ಇದ್ದದ್ದು ಈ ತಿಳಿವಳಿಕೆಯೇ.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೊನ್ನೆ ನ್ಯೂಜೆರ್ಸಿಯಿಂದ ಮಗಳು ಇದೇ ಥರದ್ದು ಏನೋ ಹೇಳ್ತಿದ್ದಳು” ಅಂದರು. ಅವರ ಮೊಮ್ಮಗ ಅಲ್ಲೇ ಹುಟ್ಟಿದವನು, ಅಮೆರಿಕದ ಪ್ರಜೆ. ಕಾಲೇಜಿಗೆ ಸೇರಿ ಅಲ್ಲಿನ ಕೇಂದ್ರ ಸರ್ಕಾರದ ನೆರವು ಪಡೆಯುತ್ತಿದ್ದಾನೆ. ಮೊದಲ ಸೆಮಿಸ್ಟರಿನಲ್ಲಿ ಗ್ರೇಡು ಬಿದ್ದು ಕಾಲೇಜಿನಿಂದ ‘ವಾರ್ನಿಂಗ್’ ಪತ್ರ ಬಂದಿತ್ತಂತೆ. ಮನೆಯಲ್ಲೆಲ್ಲ ಗಾಬರಿ.

ಅಲ್ಲಿನ ನಿಯಮ ನನಗೆ ಗೊತ್ತಿತ್ತು, ಹೇಳಿದೆ. ನೆರವು ಪಡೆಯುವ ಪ್ರತಿ ವಿದ್ಯಾರ್ಥಿಯೂ ಓದಿನಲ್ಲಿ ತೃಪ್ತಿಕರ ಪ್ರಗತಿ ತೋರಿಸಬೇಕು. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಸರಾಸರಿ ‘ಸಿ’ ಗ್ರೇಡಾದರೂ ಇರಬೇಕು. ಹೆಚ್ಚಿನ ಕಾಲೇಜುಗಳು ಅದನ್ನು ನಾಲ್ಕಕ್ಕೆ 2.0 ಜಿಪಿಎ ಎಂದು ಲೆಕ್ಕ ಹಾಕುತ್ತವೆ. ಕೋರ್ಸಿನ ನಿಗದಿತ ಅವಧಿಯ ಒಂದೂವರೆ ಪಟ್ಟು ಮೀರಬಾರದು. ತೆಗೆದುಕೊಂಡ ಕ್ರೆಡಿಟ್‌ಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ಪಾಸು ಮಾಡುತ್ತ ಹೋದರೆ ಆ ಮಿತಿಯೊಳಗೆ ಇರಬಹುದು. ಇಷ್ಟು ಬಿಗಿಯಿದೆ. ಪ್ರತಿ ಸೆಮಿಸ್ಟರಿಗೆ ಪ್ರಗತಿ ನೋಡುವ ಕಾಲೇಜಾದರೆ, ಮೊದಲ ಸಲ ಕೆಳಗಿಳಿದವನಿಗೆ ಎಚ್ಚರಿಕೆ ಕೊಟ್ಟು ಮುಂದಿನ ಒಂದು ಸೆಮಿಸ್ಟರ್ ನೆರವು ಮುಂದುವರಿಸಬಹುದು. ಆಮೇಲೂ ಏಳದಿದ್ದರೆ ಮನವಿ ಸಲ್ಲಿಸಲು ಅವಕಾಶ ಕೊಡಬಹುದು. ಮನೆಯವರ ಸಾವು, ಪೆಟ್ಟು, ಕಾಯಿಲೆ ಇಂಥವನ್ನು ಕಾರಣವಾಗಿ ಹೇಳಬಹುದೆಂದು ನಿಯಮದಲ್ಲೇ ಬರೆದಿದೆ. ಯಾಕೆ ಎಡವಿದೆ, ಈಗ ಏನು ಬದಲಾಗಿದೆ ಎಂದು ವಿದ್ಯಾರ್ಥಿ ತಾನೇ ಬರೆದುಕೊಡಬೇಕು. ಒಪ್ಪಿದರೆ ಪ್ರೊಬೇಷನ್ ಮೇಲೆ ಮತ್ತೊಂದು ಸೆಮಿಸ್ಟರ್.

“ಅಲ್ಲಿ ನಿಮ್ಮ ಮೊಮ್ಮಗನಿಗೆ ಸಿಕ್ಕ ಆ ಒಂದು ಸೆಮಿಸ್ಟರನ್ನೇ ಮೇಷ್ಟ್ರೇ, ಇಲ್ಲಿ ಆ ಬೇಕರಿ ಹುಡುಗನಿಗೆ ನಾನು ಕೇಳ್ತಿರೋದು.”

ಮೇಷ್ಟ್ರು ಒಪ್ಪಿದರು. ಒಪ್ಪಿಗೆಯಾದರೆ ಮುಚ್ಚಿಡದೆ ಹೇಳುವ ಮನುಷ್ಯ ಅವರು. “ಒಂದು ಸಲ ಕೊಡ್ಬೇಕು. ಎರಡನೇ ಸಲ ಬೇಡ” ಅಂದರು. ನಾನೂ ಅದಕ್ಕಿಂತ ಹೆಚ್ಚು ಕೇಳುವವಳಲ್ಲ.

ಸಂಜೆ ಆ ಹುಡುಗಿ ಬಂದಳು. ಅಂಕಪಟ್ಟಿ ನೋಡಿದೆ: ಮೊದಲ ಸೆಮಿಸ್ಟರಿಗಿಂತ ಎರಡನೆಯದು ಮೇಲೇ ಇತ್ತು. ಒಂದು ವಿಷಯದಲ್ಲೂ ಫೇಲಿಲ್ಲ. “ನೀನು ಇಳಿದಿಲ್ಲ ಕಣೇ, ಏರ್ತಿದೀಯ” ಅಂದಾಗ ಅವಳ ಕಣ್ಣಲ್ಲಿ ನೀರು ಬಂತು. ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್ ಇನ್ನೂ ತೆರೆದಿತ್ತು. ಹಳೆಯ ಐಡಿಯಲ್ಲೇ ಲಾಗಿನ್ ಆಗಿ ರಿನ್ಯೂವಲ್ ಅರ್ಜಿ ತುಂಬಿದೆವು.

ಅರ್ಜಿ ತುಂಬಿದ ಮಾತ್ರಕ್ಕೆ ದುಡ್ಡು ಬಂತೆಂದು ತಿಳಿಯಬಾರದು, ಅದನ್ನೂ ಅವಳಿಗೆ ಹೇಳಿದೆ. ಅರ್ಜಿ ಮೊದಲು ಕಾಲೇಜಿನ ನೋಡಲ್ ಅಧಿಕಾರಿಯ ಲಾಗಿನ್ನಿಗೆ ಹೋಗುತ್ತದೆ. ಅವರು ಪರಿಶೀಲಿಸಿ ಕಳಿಸಿದರೆ ಮಾತ್ರ ರಾಜ್ಯದ ಹಂತಕ್ಕೆ. ತಪ್ಪಿದ್ದರೆ ‘ಡಿಫೆಕ್ಟಿವ್’ ಎಂದು ವಾಪಸ್ ಬರುತ್ತದೆ. ಅದನ್ನು ತಿದ್ದಿ ಮತ್ತೆ ಕಳಿಸಲೂ ಕೊನೆಯ ದಿನ ಇರುತ್ತದೆ. ಎಷ್ಟೋ ಮಕ್ಕಳು ಮತ್ತೊಮ್ಮೆ ಲಾಗಿನ್ ಆಗಿ ನೋಡುವುದೇ ಇಲ್ಲ. ಹಣ ನೇರ ಖಾತೆಗೆ ಬರುವುದು ಆಧಾರ್ ಸೀಡಿಂಗ್ ಆಗಿರುವ ಬ್ಯಾಂಕಿಗೆ. ಅಪ್ಪ ಇನ್ನೆಲ್ಲೋ ಹೊಸ ಖಾತೆ ತೆರೆಸಿ ಅಲ್ಲಿ ಆಧಾರ್ ಜೋಡಿಸಿದ್ದರೆ ದುಡ್ಡು ಅಲ್ಲಿಗೆ ಹೋಗುತ್ತದೆ. ಹಳೆಯ ಪಾಸ್‌ಬುಕ್ ಹಿಡಿದುಕೊಂಡು ‘ಬಂದಿಲ್ಲ’ ಎಂದು ಅಳುತ್ತ ಬಂದ ಮಕ್ಕಳನ್ನು ನಾನೇ ಬ್ಯಾಂಕಿಗೆ ಕಳಿಸಿದ್ದೇನೆ. ಇವೆಲ್ಲಕ್ಕಿಂತ ಕಷ್ಟದ್ದು, ವಿಶ್ವವಿದ್ಯಾಲಯದ ಫಲಿತಾಂಶ ತಡವಾಗುವುದು. ಅಂಕಪಟ್ಟಿ ಕೈಗೆ ಬರುವ ಮೊದಲೇ ರಿನ್ಯೂವಲ್ ದಿನಾಂಕ ಮುಗಿದರೆ ಮಗು ಏನು ಮಾಡಬೇಕು? ಅಂಕ ಇದೆ, ಹಾಜರಿ ಇದೆ, ಕಾಗದ ಇಲ್ಲ. ಅಂಥ ಸಮಯದಲ್ಲಿ ಇಂಟರ್‌ನೆಟ್ಟಿನಲ್ಲಿ ಬಂದ ಫಲಿತಾಂಶದ ಪ್ರತಿಗೆ ಪ್ರಿನ್ಸಿಪಾಲರು ಸಹಿ ಹಾಕಿ ಕೊಡುವ ಮನಸ್ಸು ಮಾಡಿದರೆ ಒಂದು ವರ್ಷದ ಓದು ಉಳಿಯುತ್ತದೆ.

ಈ ಸ್ಕಾಲರ್‌ಶಿಪ್ಪಿನಲ್ಲಿ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000, ಎಂಎ, ಎಂಕಾಂ ಸೇರಿದರೆ 20,000. ದೊಡ್ಡ ಮೊತ್ತ ಅಲ್ಲ ಎನ್ನುವವರಿದ್ದಾರೆ. ತಿಂಗಳಿಗೆ ಸಾವಿರ ರೂಪಾಯಿ. ಪಕ್ಕದ ಮನೆಯಲ್ಲಿ ಅದು ಮಗಳ ಖಾಸಗಿ ಬಸ್ಸಿನ ಪಾಸು, ನೋಟ್ಸು, ಪರೀಕ್ಷಾ ಶುಲ್ಕ. ಅದು ನಿಂತಾಗ ಮೊದಲು ಏಳುವ ಮಾತು, “ಇನ್ನು ಓದಿದ್ದು ಸಾಕು, ಗಂಡು ನೋಡೋಣ.” ಆ ಮನೆಯಲ್ಲಿ ಆ ಮಾತು ಆಗಲೇ ಎದ್ದಿತ್ತಂತೆ. ತಾಯಿ ಆಮೇಲೆ ಹೇಳಿದಳು.

ಕೇಂದ್ರದ ಶಿಕ್ಷಣ ಇಲಾಖೆಯವರು ಈ ಯೋಜನೆಗೆ ಒಂದು ಎಚ್ಚರಿಕೆಯ ವರ್ಷವನ್ನೂ ಒಂದು ಮನವಿಯ ಅವಕಾಶವನ್ನೂ ಸೇರಿಸಬೇಕು. ಅಲ್ಲಿಯವರೆಗೆ, ಕಾಲೇಜಿನಲ್ಲಿ ಸ್ಕಾಲರ್‌ಶಿಪ್ ನೋಡಿಕೊಳ್ಳುವ ಮೇಷ್ಟ್ರುಗಳೇ, ಮೇಡಂಗಳೇ, ಹೋದ ವರ್ಷ ಸ್ಕಾಲರ್‌ಶಿಪ್ ಪಡೆದವರ ಪಟ್ಟಿ ನಿಮ್ಮ ಲಾಗಿನ್ನಿನಲ್ಲೇ ಇದೆ. ಈ ವರ್ಷ ಅರ್ಜಿ ಹಾಕದವರು ಯಾರು ಎಂದು ನೋಡಿ, ಒಬ್ಬೊಬ್ಬರನ್ನೂ ಕರೆದು ಕೇಳಿ. ಮಕ್ಕಳನ್ನು ಕಾಲೇಜಿಗೆ ಕಳಿಸುವ ತಂದೆತಾಯಂದಿರೇ, ಅಂಕ ಇಳಿಯಿತೆಂದು ಮಗು ಸುಮ್ಮನಾದರೆ ನೀವೂ ಸುಮ್ಮನಾಗಬೇಡಿ. ಮುಂದುವರಿಯಲು ಎಷ್ಟು ಅಂಕ ಬೇಕು, ಕೊನೆಯ ದಿನ ಯಾವುದು ಎಂದು ಕಾಲೇಜಿನ ಆಫೀಸಿಗೆ ಹೋಗಿ ಕೇಳಿ, ಬರೆದಿಟ್ಟುಕೊಳ್ಳಿ.